ಪರ್ವಾಗಿಲ್ಲ ಅಂದ್ರೆ ಎಷ್ಟನೇ ಗ್ರೇಡು

ಅವ್ವಂಗೆ ಬಾಯಿ ಕ್ಯಾನ್ಸರ್‌ಗೆ ರೇಡಿಯೇಶನ್ ಕೊಡ್ಸುವಾಗ ಅವಳ ಫೈಲಲ್ಲಿ ಒಂದು ಹಳದಿ ಹಾಳೆ ಇತ್ತು, ಟ್ರೀಟ್‌ಮೆಂಟ್‌ನಿಂದ ಆಗೋ ತೊಂದರೆ ಬರೆಯೋದು. ವಾರಕ್ಕೊಂದು ದಿನ ಡಾಕ್ಟ್ರು ನೋಡುವಾಗ ಅದರಲ್ಲಿ ಒಂದೊಂದು ಸಾಲಿಗೆ ಒಂದೊಂದು ನಂಬರ್ ಬರೀತಿದ್ರು. ಚರ್ಮ, ಬಾಯಿ ಹುಣ್ಣು, ಬಾಯಿ ಒಣಗೋದು, ರುಚಿ, ನುಂಗೋದು, ಸುಸ್ತು, ತೂಕ, ರಕ್ತ, ಪ್ರತಿಯೊಂದರ ಮುಂದೆ 0 ಅಥವಾ 1 ಅಥವಾ 2. ಮೊದಲ ಎರಡು ವಾರ ನಾನು ಆ ಹಾಳೆ ಕಡೆ ತಿರುಗಿನೂ ನೋಡ್ಲಿಲ್ಲ. ಟೋಕನ್ ಎಷ್ಟನೇದು, ಮಷೀನ್ ಕೆಟ್ಟಿಲ್ಲ ತಾನೆ, ಸಾಯಂಕಾಲ ಅವ್ವಂಗೆ ಏನ್ ಬೇಯಿಸ್ಲಿ, ತಲೆ ತುಂಬ ಇದೇ ಇರ್ತಿತ್ತು. ಈಗ ಯಾರಾದ್ರೂ ಮನೆಯವ್ರನ್ನ ರೇಡಿಯೇಶನ್‌ಗೆ ಕರ್ಕೊಂಡು ಹೋಗ್ತೀನಿ ಅಂದ್ರೆ ನಾನು ಮೊದಲು ಹೇಳೋದು ಆ ಹಾಳೆ ವಿಷಯಾನೇ, ಅದಕ್ಕೇ ಇದನ್ನ ಬರೀತಾ ಇದೀನಿ.

ನಮ್ದು ಹೊಳೆನರಸೀಪುರದ ಹತ್ರ ಒಂದು ಹಳ್ಳಿ. ನಾನು ನಮ್ಮೂರಿನ ಮಹಿಳಾ ಹಾಲಿನ ಡೈರಿಲಿ ಸೆಕ್ರೆಟರಿ. ತವರುಮನೆ ಎರಡೇ ಊರು ಆಚೆ. ಅವ್ವಂಗೆ ಆಗ 58, ಮದುವೆಯಾಗಿ ಬಂದಾಗಿಂದ ಎಲೆ ಅಡಿಕೆ, ಜೊತೆಗೆ ಕಡ್ಡಿಪುಡಿ. ಎಡಗೆನ್ನೆ ಒಳಗೆ ಒಂದು ಹುಣ್ಣು ಆಗಿ ಮೂರು ತಿಂಗಳಾದ್ರೂ ಮಾಯ್ಲಿಲ್ಲ, ಅಡಿಕೆ ಚೂರು ಚುಚ್ಚಿರ್ಬೇಕು ಅಂತ ಸುಮ್ನಿದ್ಲು. ಅಡಿಕೆನೇ ಕ್ಯಾನ್ಸರ್ ತರುತ್ತೆ, ಹೊಗೆಸೊಪ್ಪು ಹಾಕ್ದೆ ಇದ್ರೂ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವ್ರು 2004ರಲ್ಲೇ ಪುಸ್ತಕ ಮಾಡಿ ಹೇಳಿದಾರಂತೆ, ನಮ್ ಕಡೆ ಮದುವೆ ಮನೆಲಿ ಇವತ್ತಿಗೂ ತಟ್ಟೆಲಿ ಇಟ್ಟು ಕೊಡ್ತೀವಿ. ಆ ಮಾತು ಇರ್ಲಿ. 2023ರ ಏಪ್ರಿಲ್‌ನಲ್ಲಿ ಆಪರೇಷನ್ ಆಯ್ತು, ಕತ್ತರಿಸಿದ ಅಂಚಲ್ಲಿ ಇನ್ನೂ ಕ್ಯಾನ್ಸರ್ ಕಣ ಉಳಿದಿದೆ ಅಂತ ರಿಪೋರ್ಟ್ ಬಂತು, ಅದಕ್ಕೆ ಮೈಸೂರಲ್ಲಿ 33 ಸಿಟಿಂಗ್ ರೇಡಿಯೇಶನ್, ಒಟ್ಟು 66 ಗ್ರೇ (ರೇಡಿಯೇಶನ್ ಡೋಸ್ ಅಳೆಯೋ ಲೆಕ್ಕ ಅದು), ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೋ ಅಂತ ತೀರ್ಮಾನ ಆಯ್ತು. ಸೋಮವಾರ ಬೆಳಿಗ್ಗೆ ಹೊಳೆನರಸೀಪುರದಲ್ಲಿ ರೈಲು ಹತ್ತೋದು, ಆಸ್ಪತ್ರೆ ಹಿಂದೆ ಒಂದು ರೂಮ್ ಮಾಡ್ಕೊಂಡಿದ್ವಿ ಅಲ್ಲಿ ಶುಕ್ರವಾರದ ತನಕ ಇರೋದು, ಸಾಯಂಕಾಲದ ರೈಲಿಗೆ ವಾಪಸ್. ಡೈರಿನ ಏಳು ವಾರ ನಮ್ ಟೆಸ್ಟರ್ ಹುಡುಗಿ ಒಬ್ಳೇ ನಡೆಸಿದ್ಲು, ಅವಳ ಋಣ ದೊಡ್ಡದು.

ಎಲ್ಲಕ್ಕಿಂತ ಮುಂಚೆ ಒಂದು ಗೊಂದಲ ಬಿಡಿಸ್ಬೇಕು. ನಾಲ್ಕನೇ ವಾರ ಆ ಹಾಳೆಲಿ ಬಾಯಿ ಹುಣ್ಣಿನ ಮುಂದೆ ಗ್ರೇಡ್ 3 ಅಂತ ಬಂತು, ನಾನು ಅದರ ಫೋಟೋ ತೆಗೆದು ನನ್ ತಮ್ಮಂಗೆ ಕಳ್ಸಿದ್ದೆ, ಅವನು ಸೋದರಮಾವಂಗೆ ತೋರ್ಸಿದಾನೆ. ರಾತ್ರಿ ಒಂಬತ್ತಕ್ಕೆ ಮಾವ ಫೋನ್ ಮಾಡಿ ಅಳೋಕೆ ಶುರು ಮಾಡಿದ್ರು, "ಮೂರಕ್ಕೆ ಹೋಗ್ಬಿಡ್ತಂತಲ್ಲವ್ವ, ಔಷಧಿ ನಾಟ್ತಿಲ್ವಾ" ಅಂತ. ನನಗೂ ಆವತ್ತು ಸಮಾಧಾನವಾಗಿ ಹೇಳೋಕೆ ಬರ್ಲಿಲ್ಲ. ಒಂದೇ ಫೈಲಲ್ಲಿ ಮೂರು ತರದ ನಂಬರ್ ಇರುತ್ತೆ. ಸ್ಟೇಜ್ ಅಂದ್ರೆ ಕ್ಯಾನ್ಸರ್ ಎಷ್ಟು ದೊಡ್ಡದು, ಎಲ್ಲಿವರೆಗೆ ಹರಡಿದೆ ಅನ್ನೋದು, ಅವ್ವಂದು 3ನೇ ಸ್ಟೇಜು. ಬಯಾಪ್ಸಿ ರಿಪೋರ್ಟಲ್ಲಿ ಇರೋ ಗ್ರೇಡ್ ಅಂದ್ರೆ ಮೈಕ್ರೋಸ್ಕೋಪಲ್ಲಿ ಆ ಕಣಗಳು ಎಷ್ಟು ಕೆಟ್ಟಿವೆ ಅನ್ನೋದು, ಅದು 2 ಇತ್ತು. ಹಳದಿ ಹಾಳೆಲಿರೋ ಗ್ರೇಡೇ ಬೇರೆ, ಅದು ಕ್ಯಾನ್ಸರ್ ಬಗ್ಗೆ ಅಲ್ವೇ ಅಲ್ಲ, ಟ್ರೀಟ್‌ಮೆಂಟ್‌ನಿಂದ ನಮ್ಮ ಒಳ್ಳೆ ಚರ್ಮ, ಒಳ್ಳೆ ನಾಲಿಗೆ, ಒಳ್ಳೆ ರಕ್ತಕ್ಕೆ ಎಷ್ಟು ಏಟು ಬಿದ್ದಿದೆ ಅನ್ನೋ ಲೆಕ್ಕ. ಮೂರನ್ನೂ ಇಂಗ್ಲಿಷಲ್ಲಿ ಬರೆದು ಕೈಗೆ ಕೊಡ್ತಾರೆ, ಯಾವುದು ಯಾವುದು ಅಂತ ಬಿಡಿಸಿ ಹೇಳೋರು ಕಮ್ಮಿ. ಮಾವಂಗೆ ಮಾರನೇ ದಿನ ಇದನ್ನ ಹೇಳಿದ್ಮೇಲೆ ಊಟ ಮಾಡಿದ್ರಂತೆ.

ರೇಡಿಯೇಶನ್ ಶುರುವಾಗೋ ಮುಂಚೆನೇ ಹಾಳೆಲಿ ಒಂದು ಕಾಲಮ್ ತುಂಬಿಸಿದ್ರು, ಶುರುವಿನ ಸ್ಥಿತಿ ಅಂತ. ಹಲ್ಲಿನ ಡಾಕ್ಟ್ರು ನಾಲ್ಕು ಹುಳುಕು ಹಲ್ಲು ಕಿತ್ತು, ಗಾಯ ಮಾಯ್ಲಿ ಅಂತ ಎರಡು ವಾರ ಬಿಟ್ಟಿದ್ರು, ಯಾಕಂದ್ರೆ ರೇಡಿಯೇಶನ್ ಆದ್ಮೇಲೆ ಆ ದವಡೆ ಮೂಳೆ ಬೇಗ ಮಾಯೋದಿಲ್ಲ, ಹಲ್ಲು ಕಿತ್ತ ಜಾಗ ಕೊಳೆಯೋ ಅಪಾಯ ಇರುತ್ತೆ. ತೂಕ 54 ಕೆಜಿ. ಬಾಯಿ ಎಷ್ಟು ತೆರೆಯುತ್ತೆ ಅಂತ ಸ್ಕೇಲ್ ಇಟ್ಟು ಅಳೆದ್ರು, ಆಪರೇಷನ್ ಆಗಿದ್ರಿಂದ ಆಗ್ಲೇ ಕಮ್ಮಿ ಇತ್ತು. ಮುಂಚೆನೇ ಇದ್ದ ತೊಂದರೆ ಯಾವ್ದು, ಆಮೇಲೆ ಬಂದಿದ್ದು ಯಾವ್ದು ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ. ಮುಖಕ್ಕೆ ಬಿಸಿನೀರಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಜಾಲರಿ ಒತ್ತಿ ಅಚ್ಚು ತಗೊಂಡ್ರು, ಮಾಸ್ಕ್ ಅಂತಾರೆ. ಅದನ್ನ ಹಾಕಿ ಮೇಜಿಗೆ ಬಿಗಿದ್ರೆ ತಲೆ ಒಂದು ಎಳ್ಳಷ್ಟೂ ಅಲ್ಲಾಡಂಗಿಲ್ಲ.

ಒಳ್ಳೆ ಜಾಗಕ್ಕೆ ಯಾಕೆ ಏಟು ಬೀಳುತ್ತೆ ಅಂತ ನಾನು ಕೇಳಿದ್ದಕ್ಕೆ ವಾರದ ಚೆಕಪ್ಪಿಗೆ ಇರ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ಮೇಡಮ್ ಸಮಾಧಾನವಾಗಿ ಹೇಳಿದ್ರು. ನಮಗೆ ಅರ್ಥ ಆಗೋ ಹಂಗೆ ಹೇಳ್ಬೇಕಂದ್ರೆ, ಜೋಳದ ಹೊಲಕ್ಕೆ ಕಳೆ ಔಷಧಿ ಹೊಡೀವಾಗ ಎಷ್ಟೇ ಹುಷಾರಾಗಿ ಹೊಡೆದ್ರೂ ಬದುವಿನ ಮೇಲಿರೋ ಅವರೆ ಬಳ್ಳಿ ಎಲೆ ಒಂಚೂರು ಸುಡುತ್ತಲ್ಲ, ಹಂಗೆ. ಕ್ಯಾನ್ಸರ್ ಕಣ ಬೇಗ ಬೇಗ ಒಡೆದು ಹೆಚ್ಚಾಗುತ್ತೆ, ರೇಡಿಯೇಶನ್ ಅಂಥದ್ದನ್ನ ಜಾಸ್ತಿ ಹೊಡಿಯುತ್ತೆ, ಆದ್ರೆ ಬಾಯಿ ಒಳಗಿನ ಪೊರೆನೂ ಬೇಗ ಸವೆದು ಬೇಗ ಹುಟ್ಟೋದೇ, ಅದಕ್ಕೆ ಎರಡು ವಾರ ಕಳೀತಿದ್ದಂಗೆ ಹಳೇ ಪೊರೆ ಉದುರಿ ಹೊಸದು ಹುಟ್ಟದೆ ಹುಣ್ಣಾಗುತ್ತೆ. ರೇಡಿಯೇಶನ್ ಮುಗಿದ್ಮೇಲೆ ಅದು ಮತ್ತೆ ಬೆಳೆಯುತ್ತೆ. ಎಂಜಲು ಗ್ರಂಥಿ ಹಂಗಲ್ಲ, ಒಂದ್ ಸಲ ಒಣಗಿದ್ರೆ ಪೂರ್ತಿ ವಾಪಸ್ ಬರೋದು ಕಷ್ಟ, ಅದಕ್ಕೆ ಆದಷ್ಟು ಬಲಗಡೆ ಗ್ರಂಥಿಗೆ ಡೋಸ್ ಕಮ್ಮಿ ಬೀಳೋ ತರ ಪ್ಲಾನ್ ಮಾಡಿದೀವಿ ಅಂತ ಕಂಪ್ಯೂಟರಲ್ಲಿ ಬಣ್ಣ ಬಣ್ಣದ ಗೆರೆ ತೋರ್ಸಿದ್ರು.

ಮೊದಲ್ನೇ ವಾರ ಏನೂ ಆಗ್ಲಿಲ್ಲ, ಅವ್ವ ಆರಾಮಾಗಿ ಓಡಾಡ್ಕೊಂಡಿದ್ಲು, ರೂಮಲ್ಲಿ ಅವಳೇ ಹಿಟ್ಟು ತೊಳಸಿದ್ಲು. ಎರಡನೇ ವಾರ ಸಾರಿಗೆ ಉಪ್ಪಿಲ್ಲ ಅಂದ್ಲು, ನಾನು ಹಾಕಿದ್ದೆ. ಆಮೇಲೆ ಎಲ್ಲಾ ಮಣ್ಣು ತಿಂದಂಗೆ ಆಗುತ್ತೆ ಅಂದ್ಲು. ಮೂರನೇ ವಾರ ಬಾಯಿ ತೆರೆದು ಟಾರ್ಚ್ ಬಿಟ್ಟು ನೋಡಿದ್ರೆ ಎಡಗಡೆ ಒಳಗೆಲ್ಲ ಬಿಳಿ ಬಿಳಿ ಪೊರೆ, ಅದರ ಸುತ್ತ ರಕ್ತಗೆಂಪು. ಆ ವಾರ ಚೆಕಪ್ಪಿಗೆ ಮೇಡಮ್ ಇರ್ಲಿಲ್ಲ, ಬೇರೆಯವ್ರಿದ್ರು, ಹೊರಗೆ ಅರವತ್ತು ಎಪ್ಪತ್ತು ಜನ ಕಾಯ್ತಿದ್ರು. "ಹೆಂಗಿದೀರಮ್ಮ" ಅಂದ್ರು. ಅವ್ವ "ಪರ್ವಾಗಿಲ್ಲ ಸರ್" ಅಂದ್ಲು. ಬಾಯಿ ತೆರೆಸ್ಲಿಲ್ಲ, ಹಿಂದಿನ ವಾರದ ಕಾಲಮ್ಮಲ್ಲಿ ಏನಿತ್ತೋ ಅದನ್ನೇ ಈ ವಾರದ ಕಾಲಮ್ಮಿಗೂ ಇಳಿಸಿದ್ರು, ಮೇಲಿಂದ ಕೆಳಗಿನ ತನಕ 1, 1, 1, 1. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಅದನ್ನ ನೋಡಿದ ತಕ್ಷಣ ಹೊಟ್ಟೆಲಿ ಏನೋ ಆಯ್ತು, ಯಾಕಂದ್ರೆ ನಾನು ಡೈರಿಲಿ ದಿನಾ ಎರಡು ಹೊತ್ತು ನಂಬರ್ ಬರಿಯೋಳು. ಹಾಲನ್ನ ಫ್ಯಾಟ್ ಮಷೀನ್‌ಗೆ ಹಾಕ್ದೆ ನಿನ್ನೆದನ್ನೇ ನೋಡಿ ಇವತ್ತಿಂದು ಬರೆದ್ರೆ ಯಾರದೋ ದುಡ್ಡು ಯಾರಿಗೋ ಹೋಗುತ್ತೆ. ಇಲ್ಲಿ ಹೋಗೋದು ದುಡ್ಡಲ್ಲ. ಆದ್ರೂ ನಾನು ಆವತ್ತು ಬಾಯಿ ಬಿಡ್ಲಿಲ್ಲ. ಡಾಕ್ಟ್ರಿಗೆ ಎದುರು ಮಾತಾಡೋದಾ ಅಂತ ಸುಮ್ನೆ ಬಂದೆ. ಅದಕ್ಕೆ ಇವತ್ತಿಗೂ ಬೇಜಾರಿದೆ, ಒಂದು ವಾರ ನೋವಿನ ಔಷಧಿ ಕಮ್ಮಿ ಬಿತ್ತು ಅವ್ವಂಗೆ.

ನಾಲ್ಕನೇ ವಾರ ಮೇಡಮ್ ವಾಪಸ್ ಬಂದ್ರು. ಬಾಯಿ ನೋಡಿದ್ರು. "ಊಟ ಸೇರುತ್ತಾ ಅಮ್ಮ?" "ಪರ್ವಾಗಿಲ್ಲ ಮೇಡಮ್." "ಗಟ್ಟಿ ಊಟ ಮಾಡ್ತಿದೀರಾ, ಬರೀ ನೀರ್ ನೀರಾಗಿರೋದಾ?" "ಗಟ್ಟಿನೇ, ಎರಡು ಹೊತ್ತು ಮುದ್ದೆ ತಿಂತೀನಿ." ಮೇಡಮ್ ಮಂಗಳೂರು ಕಡೆಯವ್ರು, ಮುದ್ದೆ ಅಂದ್ರೆ ಅವ್ರ ಲೆಕ್ಕಕ್ಕೆ ಗಟ್ಟಿ ಊಟ, 2 ಅಂತ ಬರಿಯೋಕೆ ಹೋದ್ರು. ನನಗೆ ತಡಿಯೋಕಾಗ್ಲಿಲ್ಲ. ಮೇಡಮ್ ಅದು ಮುದ್ದೆ ಅಲ್ಲ ಅಂದೆ. ಹೋದ ವಾರ ಮುದ್ದೆನ ಇಷ್ಟಿಷ್ಟೇ ನೆಲ್ಲಿಕಾಯಷ್ಟು ಮುರಿದು, ಸಾರು ಉರಿಯುತ್ತೆ ಅಂತ ಮಜ್ಜಿಗೆಲಿ ಅದ್ದಿ, ಕಣ್ಣು ಮುಚ್ಕೊಂಡು ನುಂಗ್ತಿದ್ಲು, ಒಂದು ತುತ್ತಿಗೆ ಎರಡು ಲೋಟ ನೀರು. ಈ ವಾರ ಅದೂ ಇಲ್ಲ. ನಾನು ಮಾಡ್ತಿರೋದು ರಾಗಿ ಅಂಬ್ಲಿ, ಬಟ್ಟೆಲಿ ಸೋಸಿ, ತಣ್ಣಗೆ ಮಾಡಿ, ಅದೂ ಒಂದು ಲೋಟ ಕುಡಿಯೋಕೆ ಮುಕ್ಕಾಲು ಗಂಟೆ. ಅವಳು ಅದನ್ನೇ ಮುದ್ದೆ ಅಂತಾಳೆ. ಮೇಡಮ್ ಪೆನ್ನು ಕೆಳಗಿಟ್ಟು ಅವ್ವನ ಮುಖ ನೋಡಿದ್ರು. ಅವ್ವ ತಲೆ ತಗ್ಗಿಸ್ಕೊಂಡು "ಅವರಿಗ್ಯಾಕೆ ಸುಮ್ನೆ ತೊಂದ್ರೆ" ಅಂದ್ಲು ನನ್ನ ಕಡೆ.

ಆವತ್ತು ಮೇಡಮ್ ಹದಿನೈದು ನಿಮಿಷ ನಮ್ ಜೊತೆ ಕೂತ್ರು. ಬಾಯಿ ಹುಣ್ಣಿಗೆ ವಿಶ್ವ ಆರೋಗ್ಯ ಸಂಸ್ಥೆದು 1979ರಿಂದ ಇರೋ ಒಂದು ಅಳತೆ, ತುಂಬ ಸರಳ. ಉರಿ, ಕೆಂಪು ಇದ್ರೆ 1. ಹುಣ್ಣಾಗಿದೆ ಆದ್ರೆ ಗಟ್ಟಿ ಊಟ ಮಾಡೋಕಾಗುತ್ತೆ ಅಂದ್ರೆ 2. ಬರೀ ದ್ರವ ಮಾತ್ರ ಇಳಿಯುತ್ತೆ ಅಂದ್ರೆ 3. ಬಾಯಿಂದ ಏನೂ ಆಗಲ್ಲ ಅಂದ್ರೆ 4. ಅಂದ್ರೆ ಅವ್ವಂದು ಹೋದ ವಾರನೇ 1 ಅಲ್ಲ, ಈ ವಾರ 2 ಅಲ್ಲ, 3. ಈ ಒಂದು ನಂಬರ್ ಮೇಲೆ ಎಷ್ಟು ನಿಂತಿದೆ ಅಂದ್ರೆ, 1 ಇದ್ರೆ ಉಪ್ಪು ಸೋಡಾ ನೀರಲ್ಲಿ ಬಾಯಿ ಮುಕ್ಕಳಿಸಿ ಅಂತಾರೆ, 3 ಇದ್ರೆ ನೋವಿಗೆ ಗಟ್ಟಿ ಔಷಧಿ, ಊಟಕ್ಕೆ ಮುಂಚೆ ಮರಗಟ್ಟಿಸೋ ಜೆಲ್ಲು, ಮೂಗಿಂದ ಹೊಟ್ಟೆಗೆ ಪೈಪು ಹಾಕೋ ಮಾತು, ಡಯಟ್‌ನವ್ರಿಗೆ ಚೀಟಿ, ಎಲ್ಲ ಶುರುವಾಗುತ್ತೆ. ಹಾಳೆಲಿ 1 ಅಂತಿದ್ರೆ ಯಾರೂ ಇದ್ಯಾವ್ದನ್ನೂ ಕೇಳೋದೇ ಇಲ್ಲ.

ಉಳಿದ ಸಾಲುಗಳಿಗೆ ಬಳಸೋದು ಬೇರೆ ಪಟ್ಟಿ, ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ದು, ಸಿಟಿಸಿಎಇ ಅಂತಾರೆ. 1983ರಲ್ಲಿ ಮೊದಲು ಮಾಡಿದ್ದು, ನಮ್ಮವ್ರು ಬಳಸ್ತಿದ್ದಿದ್ದು 2017ರ ನವೆಂಬರಲ್ಲಿ ಬಂದ 5ನೇ ಆವೃತ್ತಿ. ಒಂದೊಂದು ಅಡ್ಡ ಪರಿಣಾಮಕ್ಕೂ 1ರಿಂದ 5ರ ತನಕ, 1 ಅಂದ್ರೆ ಅಲ್ಪ, 2 ಮಧ್ಯಮ, 3 ತೀವ್ರ, 4 ಪ್ರಾಣಕ್ಕೆ ಅಪಾಯ, 5 ಅಂದ್ರೆ ಅದರಿಂದಲೇ ಸಾವು. ಎಲ್ಲದಕ್ಕೂ ಐದೂ ಇರೋದಿಲ್ಲ, ರುಚಿ ಕೆಡೋದಕ್ಕೆ ಎರಡೇ ಗ್ರೇಡು, ರುಚಿ ಬದಲಾಗಿದೆ ಆದ್ರೆ ಊಟ ಅದೇ ಅಂದ್ರೆ 1, ಊಟನೇ ಬದಲಾಯಿಸ್ಬೇಕಾಯ್ತು ಅಂದ್ರೆ 2. ತೂಕ ಲೆಕ್ಕದ್ದು, ಶುರುವಿನ ತೂಕದಲ್ಲಿ ನೂರಕ್ಕೆ 5 ಇಳಿದ್ರೆ 1, ನೂರಕ್ಕೆ 10 ಇಳಿದ್ರೆ 2, ನೂರಕ್ಕೆ 20 ಇಳಿದ್ರೆ 3.

ರಕ್ತ, ತೂಕ ಇಂಥವುಗಳಲ್ಲಿ ಮೋಸ ಆಗೋದಿಲ್ಲ, ಮಷೀನ್ ಹೇಳುತ್ತೆ. ಸುಸ್ತು, ನೋವು, ರುಚಿ ಇವನ್ನ ಅಳೆಯೋ ಮಷೀನ್ ಎಲ್ಲೂ ಇಲ್ಲ, ರೋಗಿ ಬಾಯಿಂದ ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ. ಡಾಕ್ಟ್ರು ಬರೆದಿದ್ದು ರೋಗಿ ಅನುಭವಿಸಿದ್ದಕ್ಕಿಂತ ಎಷ್ಟೋ ಸಲ ಕಮ್ಮಿ ಇರುತ್ತೆ ಅಂತ ಹೊರದೇಶದಲ್ಲೂ ಅಧ್ಯಯನ ಮಾಡಿ ಕಂಡ್ಕೊಂಡಿದಾರಂತೆ, ಅದಕ್ಕೇ ಅದೇ ಸಂಸ್ಥೆಯವ್ರು ರೋಗಿಗಳೇ ಉತ್ತರ ಕೊಡೋ ಹಂಗೆ 78 ತೊಂದರೆಗಳ ಇನ್ನೊಂದು ಪಟ್ಟಿ ಮಾಡಿದಾರೆ ಅಂತ ಮೇಡಮ್ ಹೇಳಿದ್ರು. ನಮ್ಮವ್ವನಂಥೋರು ಎಲ್ಲಾ ದೇಶದಲ್ಲೂ ಇದಾರೆ ಅಂತ ಆಗ ಅನ್ನಿಸ್ತು.

ನನಗೆ ಬಹಳ ಉಪಯೋಗಕ್ಕೆ ಬಂದಿದ್ದು 2ಕ್ಕೂ 3ಕ್ಕೂ ಇರೋ ಗೆರೆ. ಮನೆ ನಡೆಸೋ ಕೆಲಸ, ಅಂದ್ರೆ ಅಡುಗೆ, ಸಾಮಾನು ತರೋದು, ಫೋನ್ ಮಾಡೋದು, ದುಡ್ಡಿನ ಲೆಕ್ಕ, ಇವಕ್ಕೆ ತೊಡಕಾದ್ರೆ 2. ತನ್ನ ಮೈ ತಾನು ನೋಡ್ಕೊಳ್ಳೋದು, ಅಂದ್ರೆ ಸ್ನಾನ, ಬಟ್ಟೆ, ಊಟ, ಕಕ್ಕಸಿಗೆ ಹೋಗೋದು, ಮಾತ್ರೆ ತಗೊಳ್ಳೋದು, ಇವಕ್ಕೆ ತೊಡಕಾದ್ರೆ 3. ಅವ್ವನ್ನ "ಶಾಪಿಂಗ್ ಮಾಡ್ತೀರಾ" ಅಂತ ಕೇಳಿದ್ರೆ ಅವಳೇನ್ ಹೇಳ್ತಾಳೆ. ಅದಕ್ಕೆ ನಾನು ಒಂದು ನೋಟ್‌ಬುಕ್ ತಗೊಂಡು ನಮ್ಮ ಬದುಕಿನ ಪ್ರಶ್ನೆ ಬರ್ಕೊಂಡೆ. ಶನಿವಾರ ಭಾನುವಾರ ಊರಿಗೆ ಹೋದಾಗ ಹಸು ಹಾಲು ಕರೆದ್ಲಾ? ಹಿಟ್ಟು ತೊಳಸಿದ್ಲಾ? ಸ್ತ್ರೀಶಕ್ತಿ ಸಂಘದ ದುಡ್ಡು ಎಣಿಸಿ ಬರೆಸಿದ್ಲಾ? ಸೋಮವಾರದ ಸಂತೆಗೆ ಏನೇನ್ ತರ್ಬೇಕು ಅಂತ ಅಪ್ಪಂಗೆ ಹೇಳಿದ್ಲಾ? ಇನ್ನೊಂದು ಕಡೆ, ತಲೆ ಅವಳೇ ಬಾಚ್ಕೊಂಡ್ಲಾ, ಸೀರೆ ನೆರಿಗೆ ಅವಳೇ ಹಿಡಿದ್ಲಾ, ಬಚ್ಚಲಿಂದ ಬಿಂದಿಗೆ ಎತ್ಕೊಂಡ್ಲಾ. ಮಲಗಿ ಎದ್ರೆ ಸುಸ್ತು ಹೋಗುತ್ತಾ ಇಲ್ವಾ, ಅದೊಂದು ಮುಖ್ಯ, ಹೋಗುತ್ತೆ ಅಂದ್ರೆ 1 ಮಾತ್ರ. ನಾಲ್ಕನೇ ವಾರದ ಭಾನುವಾರ ಅವ್ವ ಹಟ್ಟಿಗೆ ಹೋಗಿ ಹಸು ಪಕ್ಕ ಕೂತು, ಕೆಚ್ಚಲಿಗೆ ನೀರು ಹಾಕಿ, ಎರಡು ಸಲ ಎಳೆದು, ಹಂಗೇ ಹಣೆನ ಹಸು ಹೊಟ್ಟೆಗೆ ಒರಗಿಸ್ಕೊಂಡು ಕೂತ್ಬಿಟ್ಟಿದ್ಲು. ಹಸುನೂ ಅಲ್ಲಾಡ್ದೆ ನಿಂತಿತ್ತು. ಅಪ್ಪ ಬಂದು ಬಕೀಟು ತಗೊಂಡ್ರು. ನಾನು ನೋಟ್‌ಬುಕ್ಕಲ್ಲಿ ಬರೆದೆ, ಹಾಲು ಕರೆಯೋಕಾಗ್ಲಿಲ್ಲ, ಮಲಗಿ ಎದ್ರೂ ಸುಸ್ತಿದೆ, ತಲೆ ಬಾಚ್ಕೊಂಡ್ಲು, ಸೀರೆ ಉಟ್ಕೊಂಡ್ಲು. ಮೇಡಮ್ ಓದಿ ಏನೂ ಕೇಳ್ದೆ 2 ಅಂತ ಬರೆದ್ರು.

ಕಿವಿ ವಿಷಯ ಗೊತ್ತಾಗಿದ್ದೂ ಆ ನೋಟ್‌ಬುಕ್ಕಿಂದ್ಲೇ. ತಮ್ಮ ಫೋನ್ ಮಾಡಿದ್ರೆ ಅವ್ವ ಎರಡು ಮಾತಾಡಿ ನನ್ ಕೈಗೆ ಕೊಡ್ತಿದ್ಲು, ಗಂಟಲು ನೋವು ಅಂತ ಅಂದ್ಕೊಂಡಿದ್ದೆ. ಫೋನ್ ಮಾತಾಡಿದ್ಲಾ ಅನ್ನೋ ಸಾಲು ತುಂಬ್ಸೋವಾಗ ಯಾಕವ್ವ ಮಾತಾಡಲ್ಲ ಅಂತ ಕೂರ್ಸಿ ಕೇಳ್ದೆ. "ಕಿವಿ ತುಂಬ ಜೀರುಂಡೆ ಕೂಗ್ದಂಗೆ ಕೂಗುತ್ತೆ ಕಣೆ, ಅವ್ನ ಮಾತು ಕೇಳ್ಸೋದಿಲ್ಲ. ಮೈಸೂರ್ ಗಲಾಟೆಗೆ ಹಂಗಾಗಿರ್ಬೇಕು" ಅಂದ್ಲು. ಎಷ್ಟು ದಿನದಿಂದ ಅಂದ್ರೆ ಹತ್ತು ದಿನದಿಂದಂತೆ. ಅದು ಮೈಸೂರಿನ ಗಲಾಟೆ ಅಲ್ಲ, ಸಿಸ್‌ಪ್ಲಾಟಿನ್. ಆ ಔಷಧಿ ಒಳಗಿವಿಯ ಸೂಕ್ಷ್ಮ ಕೂದಲಿನಂಥ ಕಣಗಳನ್ನ ಸುಡುತ್ತೆ, ಸತ್ತದ್ದು ಮತ್ತೆ ಹುಟ್ಟೋದಿಲ್ಲ, ಆದ್ರೆ ಮುಂದಕ್ಕೆ ಹೆಚ್ಚಾಗದಂಗೆ ತಡೀಬಹುದು. ಐದು ಡೋಸ್ ಆಗಿತ್ತು ಆಗ. ಕಿವಿ ಪರೀಕ್ಷೆ ಮಾಡ್ಸಿ, ದೊಡ್ಡ ಡಾಕ್ಟ್ರ ಹತ್ರ ಮಾತಾಡಿ, ಬೇಕಾದಷ್ಟು ಔಷಧಿ ಹೋಗಿದೆ ಇನ್ನು ಸಾಕು ಅಂತ ಆರನೇದನ್ನ ಕೊಡ್ಲಿಲ್ಲ. ಕಿವಿ ಅಂತ ಒಂದು ಸಾಲು ಹಳದಿ ಹಾಳೆಲಿ ಇರ್ಲೇ ಇಲ್ಲ, ಮೇಡಮ್ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಕೈಯಲ್ಲಿ ಬರೆದು ಸೇರಿಸಿದ್ರು.

ಚರ್ಮದ್ದು ಕಣ್ಣಿಗೆ ಕಾಣೋದು, ಆದ್ರೂ ಅವ್ವ ಅದನ್ನೂ ಸೆರಗಲ್ಲಿ ಮುಚ್ಚಿದ್ಲು. ನಾಲ್ಕನೇ ವಾರ ಕತ್ತಿನ ಎಡಗಡೆ ಕಪ್ಪಗಾಗಿ ಹೊಟ್ಟು ಹೊಟ್ಟಾಗಿ ಉದುರ್ತಿತ್ತು, ಅಲ್ಲಿ ತನಕ 1. ಐದನೇ ವಾರ ಕತ್ತಿನ ಮಡಿಕೆಲಿ ಚರ್ಮ ಸುಲಿದು ನೀರು ಜಿನುಗೋಕೆ ಶುರುವಾಯ್ತು. ಮಡಿಕೆಗಳಲ್ಲಿ ಮಾತ್ರ ಅಲ್ಲಲ್ಲಿ ಹಸಿ ಆದ್ರೆ 2, ಮಡಿಕೆ ದಾಟಿ ಬಯಲು ಚರ್ಮದ ಮೇಲೂ ಹಸಿ ಆದ್ರೆ, ಇಲ್ಲ ಒಂಚೂರು ಉಜ್ಜಿದ್ರೆ ರಕ್ತ ಬಂದ್ರೆ 3. ಅವ್ವಂದು 2ರಲ್ಲಿತ್ತು, ಆದ್ರೆ ಮಡಿಕೆ ಕೆಳಗೆ ಒಂದು ಸಣ್ಣ ಗೆರೆ ಹಂಗೆ ಚರ್ಮ ಸವೆದು ಕೆಂಪಾಗಿತ್ತು, ಯಾಕೆ ಅಂತ ಸಿಸ್ಟರ್ ನೋಡಿದ್ರೆ ಕರಿಮಣಿ ಸರ. ಓಡಾಡಿದಾಗೆಲ್ಲ ಉಜ್ಜುತ್ತೆ. ತೆಗೀರಿ ಅಂದ್ರು. ಅವ್ವ ಆಗಲ್ಲ ಅಂದ್ಲು, ಆಪರೇಷನ್ ದಿನ ತೆಗೆಸಿದ್ದಕ್ಕೇ ಅತ್ತಿದ್ಲು. ಸಿಸ್ಟರ್ ಬೈಲಿಲ್ಲ, ಪಾಪ, ಹತ್ತಿಬಟ್ಟೆ ಸುತ್ತಿ ನೋಡಿದ್ರು, ನಿಲ್ಲಲಿಲ್ಲ. ಶುಕ್ರವಾರ ಊರಿಗೆ ಹೋದಾಗ ಅಪ್ಪ ಕತ್ತು ನೋಡಿದ್ರು, ಏನೂ ಮಾತಾಡ್ಲಿಲ್ಲ, ಕೈ ತೊಳ್ಕೊಂಡು ಬಂದು ಸರದ ಕೊಂಡಿ ತಾವೇ ಬಿಚ್ಚಿ ತೆಗೆದು, ಬಿಳಿ ಬಟ್ಟೆಲಿ ಸುತ್ತಿ ಅಂಗಿ ಒಳಜೇಬಲ್ಲಿ ಇಟ್ಕೊಂಡು "ನನ್ ಹತ್ರ ಇರುತ್ತೆ ಬಿಡು, ನಿನ್ ಹತ್ರ ಇದ್ದಂಗೇ" ಅಂದ್ರು. ಅವ್ವ ಬೇಡ ಅನ್ಲಿಲ್ಲ. ಸಿಸ್ಟರ್ ಹೇಳಿದ ಮುಲಾಮು ಹಚ್ಚಿ, ಹಳೇ ಮೆತ್ತಗಿನ ಪಂಚೆ ಬಟ್ಟೆ ಸೆರಗಿನ ಕೆಳಗೆ ಹಾಕಿ, ಗಾಳಿಗೆ ಬಿಟ್ಟಿದ್ದಕ್ಕೆ 3ಕ್ಕೆ ಹೋಗ್ಲಿಲ್ಲ.

ತೂಕ ಮೂರನೇ ವಾರದ ಕೊನೆಗೆ 51 ಇತ್ತು, ಐದನೇ ವಾರ 47.5. ನಾನೇ ಲೆಕ್ಕ ಹಾಕ್ದೆ, ಆರೂವರೆ ಕೆಜಿ, ನೂರಕ್ಕೆ 12, ಗ್ರೇಡ್ 2. ಇನ್ನೂ ಏಳೆಂಟು ಸಿಟಿಂಗ್ ಉಳಿದಿತ್ತು. ಮಾಸ್ಕ್ ಬೇರೆ ಸಡಿಲ ಆಗಿತ್ತು, ಮುಖ ಇಳಿದ್ರೆ ಅದು ಸರಿಯಾಗಿ ಕೂರೋದಿಲ್ಲ, ಡೋಸ್ ಬೀಳೋ ಜಾಗ ಆಚೀಚೆ ಆಗುತ್ತೆ. ಅವ್ವ ಒಂದ್ ವಾರ ರೇಡಿಯೇಶನ್ ನಿಲ್ಸಿ, ಹುಣ್ಣು ಮಾಯ್ದ ಮೇಲೆ ಬರ್ತೀನಿ ಅಂದ್ಲು. ನನಗೂ ಹಂಗೇ ಅನ್ನಿಸಿತ್ತು ನಿಜ ಹೇಳ್ಬೇಕಂದ್ರೆ, ಆ ಬಾಯಿ ನೋಡಿದ್ರೆ ಯಾರಿಗಾದ್ರೂ ಅನ್ಸುತ್ತೆ. ಆದ್ರೆ ಮಧ್ಯ ಬಿಡುವು ಕೊಟ್ರೆ ಒಳ್ಳೆ ಪೊರೆ ಬೆಳೆಯೋ ಹಂಗೇ ಉಳಿದಿರೋ ಕ್ಯಾನ್ಸರ್ ಕಣಾನೂ ಬೆಳೆಯುತ್ತೆ, ಇಲ್ಲಿವರೆಗೆ ಸಹಿಸಿದ್ದು ದಂಡ ಆಗುತ್ತೆ, ಅದಕ್ಕೇ ಗ್ರೇಡ್ ಏರೋದನ್ನ ಮುಂಚೆನೇ ಹಿಡಿದು ನಿಲ್ಲಿಸದೆ ಮುಗಿಸೋ ದಾರಿ ಹುಡುಕ್ತೀವಿ ಅಂತ ಮೇಡಮ್ ಕೈ ಹಿಡ್ಕೊಂಡು ಹೇಳಿದ್ರು. ಆಮೇಲೆ ಅವ್ವ ಮೂಗಿನ ಪೈಪಿಗೆ ಒಪ್ಪಿದ್ಲು. ಹಾಕೋವಾಗ ಕಷ್ಟ ಆಯ್ತು, ಕಣ್ಣಲ್ಲಿ ನೀರು ಬಂತು, ನುಂಗಿ ನುಂಗಿ ಅಂತ ಸಿಸ್ಟರ್ ಹೇಳ್ತಿದ್ರು, ಎರಡು ನಿಮಿಷದ ಕೆಲಸ. ಎರಡು ಗಂಟೆಗೊಂದ್ ಸಲ ದೊಡ್ಡ ಸಿರಿಂಜಲ್ಲಿ ಸೋಸಿದ ರಾಗಿ ಗಂಜಿ, ಹಾಲು, ಬೇಳೆಕಟ್ಟು, ಡಯಟ್‌ನವ್ರು ಕೊಟ್ಟ ಪ್ರೊಟೀನ್ ಪುಡಿ, ಒಂದೊಂದ್ ಸಲ 200 ಎಂಎಲ್, ಕೊನೆಗೆ ಪೈಪು ಕಟ್ಟದಂಗೆ ಬರೀ ನೀರು. ಹೊಟ್ಟೆಗೆ ಬಿದ್ದ ಎರಡನೇ ದಿನ ಅವ್ವ ಎದ್ದು ಕೂತು ತಲೆ ಬಾಚು ಅಂತ ನನ್ ಕೈಗೆ ಬಾಚಣಿಗೆ ಕೊಟ್ಲು. ತೂಕ ಅಲ್ಲಿಂದ ಕೆಳಗೆ ಹೋಗ್ಲಿಲ್ಲ. ಜುಲೈ ಮೂರನೇ ವಾರ 33ನೇ ಸಿಟಿಂಗ್ ಮುಗೀತು, ಒಂದು ದಿನವೂ ನಮ್ ಕಡೆಯಿಂದ ತಪ್ಪಲಿಲ್ಲ. ಊರಿಗೆ ಬಂದಾಗ ಆಲೂಗಡ್ಡೆ ಹೊಲಕ್ಕೆ ಮಣ್ಣು ಏರಿಸಿ ಆಗಿತ್ತು.

ಮುಗಿದ್ಮೇಲೆ ಇನ್ನೂ ಹತ್ತು ದಿನ ಹುಣ್ಣು ಹೆಚ್ಚೇ ಆಗುತ್ತೆ ಅಂತ ಹೇಳಿದ್ರು, ಹಂಗೇ ಆಯ್ತು, ಗಾಬರಿ ಆಗ್ಲಿಲ್ಲ. ನಾಲ್ಕು ವಾರಕ್ಕೆ ಪೈಪು ತೆಗೆದ್ರು. ಗೌರಿ ಹಬ್ಬದ ಹೊತ್ತಿಗೆ ಬಾಯಿ ಒಳಗೆ ಹೊಸ ಚಿಗುರಿನ ಬಣ್ಣದ ಪೊರೆ ಬಂದಿತ್ತು, ಕತ್ತಿನ ಚರ್ಮ ಮಾಯ್ದಿತ್ತು, ಕರಿಮಣಿ ವಾಪಸ್ ಹಾಕ್ಕೊಂಡ್ಲು. ಆಗ ಹಾಳೆನೂ ಬದಲಾಯ್ತು. 1995ರಲ್ಲಿ ಪ್ರಕಟ ಆದ ಆರ್‌ಟಿಒಜಿ ಅನ್ನೋ ಇನ್ನೊಂದು ಅಳತೆ ಇದೆ, ಅದರ ಪ್ರಕಾರ ರೇಡಿಯೇಶನ್ ಶುರುವಾದ ದಿನದಿಂದ 90 ದಿನದ ತನಕ ಆಗೋದು ತಕ್ಷಣದ ಏಟು, ಅದು ದಾಟಿ ಆಗೋದು ಅಥವಾ ಉಳಿಯೋದು ತಡವಾದ ಏಟು. ಈ ಎರಡನೇದರ ಬಗ್ಗೆ ನಮ್ ಜನಕ್ಕೆ ಯಾರೂ ಅಷ್ಟಾಗಿ ಹೇಳೋದಿಲ್ಲ. ಕ್ಯಾನ್ಸರ್ ಹೋಯ್ತಲ್ಲ, ಹುಣ್ಣು ಮಾಯ್ತಲ್ಲ, ಇನ್ನೇನು ಅಂತಾರೆ. ಆದ್ರೆ ಒಳಗಿನ ಮಾಂಸ ನಿಧಾನಕ್ಕೆ ಗಟ್ಟಿ ಹಗ್ಗದಂಗೆ ಬಿಗೀತಾ ಹೋಗುತ್ತೆ, ತಿಂಗಳು ವರ್ಷಗಟ್ಲೆ. ಅವ್ವಂಗೆ ಬಾಯಿ ಒಣಗೋದು ಹೋಗಿಲ್ಲ, ಯಾವಾಗ್ಲೂ ಸೆರಗಲ್ಲಿ ನೀರಿನ ಬಾಟ್ಲಿ, ಸಾರಿಲ್ದೆ ಏನೂ ಇಳಿಯೋದಿಲ್ಲ, ಅದು 2. ಎಂಜಲಿಲ್ದೆ ಹಲ್ಲು ಬೇಗ ಹುಳುಕಾಗುತ್ತೆ ಅಂತ ಫ್ಲೋರೈಡ್ ಪೇಸ್ಟು. ಥೈರಾಯ್ಡ್ ಕೂಡ ಆ ಡೋಸ್ ದಾರಿಲೇ ಇರೋದ್ರಿಂದ ಆರು ತಿಂಗಳಿಗೊಂದ್ ಸಲ ಟಿಎಸ್‌ಎಚ್ ರಕ್ತ ಪರೀಕ್ಷೆ ಹಾಸನದಲ್ಲೇ ಮಾಡ್ಸಿ ರಿಪೋರ್ಟ್ ತಗೊಂಡು ಹೋಗ್ತೀವಿ. ಕಿವಿಲಿ ಜೀರುಂಡೆ ಈಗ ರಾತ್ರಿ ಮಾತ್ರ ಅಂತಾಳೆ.

ದವಡೆ ಬಿಗಿತ ನಮಗೆ ಈಗ ದೊಡ್ಡ ಕೆಲಸ. ಬಾಯಿ ಕಮ್ಮಿ ತೆರೆದ್ರೂ ಊಟ ಮಾಮೂಲಿ ಅಂದ್ರೆ 1, ಸಣ್ಣ ತುತ್ತು ಮೆತ್ತಗಿನ ಊಟನೇ ಬೇಕು ಅಂದ್ರೆ 2, ಬಾಯಿಂದ ಸಾಕಷ್ಟು ತಿನ್ನೋಕೇ ಆಗಲ್ಲ ಅಂದ್ರೆ 3. ಮೇಡಮ್ ಐಸ್‌ಕ್ರೀಮ್ ಕಡ್ಡಿ ವ್ಯಾಯಾಮ ಹೇಳ್ಕೊಟ್ಟಿದಾರೆ. ಕಡ್ಡಿಗಳನ್ನ ಒಂದರ ಮೇಲೊಂದು ಜೋಡ್ಸಿ ಹಲ್ಲಿನ ಮಧ್ಯೆ ಇಟ್ಕೊಂಡು, ಅದು ಸಡಿಲ ಆಯ್ತು ಅಂದ್ರೆ ಮಧ್ಯಕ್ಕೆ ಇನ್ನೊಂದು ತೂರ್ಸೋದು. ದಿನಕ್ಕೆ ನಾಲ್ಕೈದು ಸಲ. ಅಪ್ಪ ಅಂಗಡಿಯಿಂದ ಒಂದು ಕಟ್ಟು ತಂದು ಬಿಸಿನೀರಲ್ಲಿ ತೊಳೆದು ಒಣಗಿಸಿ ಡಬ್ಬಿಗೆ ಹಾಕಿದಾರೆ, ಎಷ್ಟು ಕಡ್ಡಿ ಅಂತ ಗೋಡೆ ಕ್ಯಾಲೆಂಡರಲ್ಲಿ ಅವ್ರೇ ಬರೀತಾರೆ. ಒಂಬತ್ತರಿಂದ ಶುರುವಾಗಿದ್ದು. ನಡುವೆ ಮಗನ ಮನೆಗೆ ಹೋದ ಹದಿನೈದು ದಿನ ಮಾಡ್ದೆ ಬಿಟ್ಟಿದ್ದಕ್ಕೆ ಎಂಟಕ್ಕೆ ಇಳೀತು.

ಹೋದ ತಿಂಗಳು ಚೆಕಪ್ಪಿಗೆ ಹೋದಾಗ ಹೊಸ ಡಾಕ್ಟ್ರಿದ್ರು. ಹೆಂಗಿದೀರಮ್ಮ ಅಂದ್ರು. ಅವ್ವ ಪರ್ವಾಗಿಲ್ಲ ಅನ್ನೋಕೆ ಬಾಯಿ ತೆರೆದು, ನನ್ನ ಕಡೆ ನೋಡಿ, "ಹನ್ನೆರಡು ಕಡ್ಡಿ ಹೋಗುತ್ತೆ ಸರ್. ಮುದ್ದೆ ಇಷ್ಟು ದಪ್ಪದ್ದು ನುಂಗ್ತೀನಿ" ಅಂತ ಹೆಬ್ಬೆರಳ ತುದಿ ತೋರ್ಸಿದ್ಲು, "ರೊಟ್ಟಿ ಆಗಲ್ಲ. ರಾತ್ರಿ ಮೂರು ಸಲ ನೀರಿಗೆ ಏಳ್ತೀನಿ. ಎಡಗಡೆ ಕತ್ತು ತಿರುಗಿಸಿದ್ರೆ ಎಳೆಯುತ್ತೆ." ಅವ್ರು ಒಂದೊಂದೇ ಬರ್ಕೊಂಡ್ರು.